ಮೋತಿಖಾನನ ಊರಿನ ಒಣಗಾಳಿ

ಬಿಜಾಪುರವನ್ನು 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್ ಶಾ ತನ್ನ ತಂಬೂರಿಗೆ 'ಮೋತಿಖಾನ' ಎಂದು ಹೆಸರಿಟ್ಟು, 'ಕಿತಾಬ್-ಎ-ನವರಸ್' ಕೃತಿಯಲ್ಲಿ ಅದನ್ನು ನೆನೆದಿದ್ದಾನೆ. ಅವನು ತಂಬೂರಿ ನುಡಿಸುತ್ತಿರುವ, ಫರೂಖ್ ಬೇಗ್ ಬರೆದ ಚಿತ್ರವೊಂದು ದೂರದ ಪ್ರಾಗ್ ನಗರದ ವಸ್ತುಸಂಗ್ರಹಾಲಯ ಸೇರಿದೆ. ಊರಿನ ಪಶ್ಚಿಮಕ್ಕೆ 1599ರಲ್ಲಿ ಅವನು ಕಟ್ಟಿಸತೊಡಗಿದ ನವರಸಪುರವನ್ನು 1624ರಲ್ಲಿ ಮಲಿಕ್ ಅಂಬರನ ಸೇನೆ ಹಾಳುಗೆಡವಿತಾದರೂ ಸಂಗೀತ ಮಹಲಿನ ಗೋಡೆಗಳು ಇನ್ನೂ ನಿಂತಿವೆ. ಕಲ್ಲು ತಾನಾಗಿ ಉಳಿಯುತ್ತದೆ. ಮರದ ವಾದ್ಯವನ್ನು ಯಾರಾದರೂ ಕಾಯಬೇಕು.

ವಿಜಯಪುರ, ತಿಕೋಟಾ, ಬಬಲೇಶ್ವರಗಳಲ್ಲಿ ಅಜ್ಜನ ಕಾಲದ ತಂಬೂರಿಯನ್ನೋ ಭಜನೆಯ ಹಾರ್ಮೋನಿಯಮ್ಮನ್ನೋ ಇಟ್ಟುಕೊಂಡವರಿಗೆ ಕರಾವಳಿಯವರಂತೆ ಬೂಷ್ಟಿನ ಭಯವಿಲ್ಲ. ಇಲ್ಲಿಯ ಕಾಟ ಬೇರೆ. ಏಪ್ರಿಲ್-ಮೇ ತಿಂಗಳ ಬಿಸಿಗಾಳಿಗೆ ಮರ ತನ್ನೊಳಗಿನ ತೇವ ಬಿಟ್ಟು ಕುಗ್ಗುತ್ತದೆ. ಮಳೆ ಹೆಚ್ಚಾಗುವ ಸೆಪ್ಟೆಂಬರಿನಲ್ಲಿ ಅದೇ ತೇವ ಹೀರಿ ಹಿಗ್ಗುತ್ತದೆ. ಹಿಗ್ಗುವುದು ಎಳೆಯ ಉದ್ದಕ್ಕಲ್ಲ, ಅಡ್ಡಕ್ಕೆ. ತಂಬೂರಿಯ ಸೋರೆಬುರುಡೆ ಒಂದು ಬಗೆಯಲ್ಲಿ, ಅದರ ಮೇಲಿನ ಮರದ ತಬಲಿ ಇನ್ನೊಂದು ಬಗೆಯಲ್ಲಿ ಕದಲುವುದರಿಂದ ಅವು ಕೂಡುವ ಅಂಚಿನಲ್ಲೇ ಮೊದಲ ಬಿರುಕು ಕಾಣಿಸುತ್ತದೆ.

ಮಣ್ಣಿನ ಮಾಳಿಗೆಯ ದಪ್ಪಗೋಡೆಯ ಮನೆಗಳಲ್ಲಿ ಈ ಏರಿಳಿತ ನಿಧಾನವಾಗಿತ್ತು. ಕಾಂಕ್ರೀಟ್ ಸ್ಲ್ಯಾಬಿನ ಕೋಣೆ ಹಗಲೆಲ್ಲ ಕಾಯುತ್ತದೆ. ಸಂಜೆ ಕೂಲರ್ ಹಚ್ಚಿದರೆ ಗಂಟೆಯೊಳಗೆ ತೇವ ತುಂಬುತ್ತದೆ. ತಿಂಗಳುಗಳ ಬದಲಾವಣೆ ದಿನದಿನವೂ ನಡೆದಂತೆ! ವಾದ್ಯವನ್ನು ಕೂಲರಿನ ಗಾಳಿಗೆ ನೇರವಾಗಿ ಇಡದೆ, ಬಿಸಿಲು ಬೀಳುವ ಪಡುವಣ ಗೋಡೆಗೆ ತಾಗಿಸದೆ, ದಪ್ಪ ಬಟ್ಟೆಯ ಗವಸು ತೊಡಿಸಿ ಒಳಗೋಡೆಯ ಬಳಿ ಇಡುವುದು ಲೇಸು. ಪುಟ್ಟದೊಂದು ಆರ್ದ್ರತಾಮಾಪಕವಿದ್ದರೆ ಶೇಕಡಾ 40ರಿಂದ 60ರ ನಡುವೆ ನಿಲ್ಲುವಂತೆ ನೋಡಿಕೊಳ್ಳಬಹುದು. ಅಂಕಿಗಿಂತ ಅದು ಸ್ಥಿರವಾಗಿರುವುದೇ ಮುಖ್ಯ. ಬಹುಕಾಲ ನುಡಿಸದಿದ್ದರೆ ತಂತಿ ತುಸು ಸಡಿಲಿಸಬೇಕು.

ಹೆಚ್ಚಿನ ಹಾನಿ ಆಗುವುದು ಅವಸರದ ರಿಪೇರಿಯಿಂದ. ಬೇಸಿಗೆಯಲ್ಲಿ ಬಾಯಿಬಿಟ್ಟ ಸೀಳಿಗೆ ಪೇಟೆಯ ಗಟ್ಟಿ ಅಂಟು ತುಂಬಿದರೆ, ಮಳೆಗಾಲದಲ್ಲಿ ಹಿಗ್ಗುವ ಮರಕ್ಕೆ ಜಾಗವಿಲ್ಲದೆ ಪಕ್ಕದಲ್ಲೇ ಹೊಸ ಸೀಳು ಏಳುತ್ತದೆ. ತಂತಿವಾದ್ಯಗಳಿಗೆ ಹೆಸರಾದ ಮಿರಜ ಇಲ್ಲಿಗೆ ದೂರವೇನಲ್ಲ. ಅಲ್ಲಿಯ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ಅವುಗಳ ಬುರುಡೆ ಬರುವುದು ವಿಜಯಪುರಕ್ಕೆ ನೆರೆಯ ಮಂಗಳವೇಢೆ, ಪಂಢರಪುರದ ಹೊಲಗಳಿಂದ. ಬಿರುಕು ಕಂಡರೆ ಒಂದು ಮಳೆಗಾಲ ಕಳೆಯಗೊಟ್ಟು, ಅದು ಎಷ್ಟು ಮುಚ್ಚಿತೆಂದು ನೋಡಿ, ಆಮೇಲೆ ಅಲ್ಲಿಗೆ ಒಯ್ಯಬಹುದು.