ಪದಾಂಧತೆಯೂ ಬಾಲಕರ ಅಕ್ಷರಾಭ್ಯಾಸವೂ

ಕ್ರಿ. ಶ. 1896ನೆಯ ನವೆಂಬರ್ 7ರ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪತ್ರಿಕೆಯಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯನ ಸಣ್ಣ ಲೇಖನವೊಂದು ಪ್ರಕಟವಾಯಿತು. ಇಂಗ್ಲೆಂಡಿನ ದಕ್ಷಿಣ ತೀರದ ಸೀಫರ್ಡ್ ಎಂಬಲ್ಲಿ ಆತನ ವಾಸ. ಪರ್ಸಿ ಎಂಬ 14 ವರ್ಷದ ಬಾಲಕನ ವೃತ್ತಾಂತವು ಆ ಲೇಖನದ ವಿಷಯ. ಬಾಲಕನು ಏಳನೆಯ ವಯಸ್ಸಿನಿಂದಲೂ ಉಪಾಧ್ಯಾಯರ ಬಳಿ ಕಲಿಯುತ್ತಿದ್ದವನು; ಕಣ್ಣಿನಲ್ಲಿ ದೋಷವಿಲ್ಲ, ಬುದ್ಧಿಯಲ್ಲಿ ಮಾಂದ್ಯವಿಲ್ಲ. ಬಿಡಿ ಅಕ್ಷರಗಳನ್ನೆಲ್ಲ ಬಲ್ಲನು. ಆದರೆ ಅವು ಕೂಡಿ ಪದವಾದೊಡನೆ, ಕೆಲವು ಚಿಕ್ಕ ಪದಗಳ ಹೊರತು, ಯಾವುದನ್ನೂ ಗುರುತಿಸಲಾರನು. ‘ಪರ್ಸಿ’ ಎಂಬ ತನ್ನ ಹೆಸರನ್ನೇ ‘ಪ್ರೆಸಿ’ ಎಂದು ಬರೆದು, ಒಂದಕ್ಕಿಂತ ಹೆಚ್ಚು ಸಲ ಎಚ್ಚರಿಸುವವರೆಗೂ ತಪ್ಪನ್ನು ಕಾಣದೆ ಹೋದನು. ಸಂಖ್ಯೆಗಳನ್ನಾದರೋ ಸರಾಗವಾಗಿ ಓದುತ್ತಿದ್ದನು. ಪಾಠವೆಲ್ಲ ಬಾಯಿಮಾತಿನಿಂದಲೇ ನಡೆಯುವುದಾದರೆ ಶಾಲೆಯಲ್ಲಿ ಇವನನ್ನು ಮೀರಿಸುವವರಿರಲಾರರೆಂದು ಅವನ ಉಪಾಧ್ಯಾಯನು ಅಭಿಪ್ರಾಯಪಟ್ಟಿದ್ದನು.

ಆ ಲೇಖನದಲ್ಲಿ ಅತ್ಯಂತ ಬೆಲೆಯುಳ್ಳ ಮಾತು ಇದೇ. ಪಾಣಿನೀಯ ಶಿಕ್ಷೆಯು ಬರೆದುದನ್ನು ನೋಡಿಕೊಂಡು ಪಠಿಸುವ ಲಿಖಿತಪಾಠಕನನ್ನು ಅಧಮ ಪಾಠಕರ ಸಾಲಿಗೆ ಸೇರಿಸಿರುವುದು ಪ್ರಸಿದ್ಧವಾಗಿದೆ. ಗುರುಮುಖದಿಂದ ಕೇಳಿ ಕಂಠಸ್ಥಮಾಡುವ ಆ ಪದ್ಧತಿಯಲ್ಲಿ ಪರ್ಸಿಯಂಥವನ ಊನವು ಪ್ರಾಯಶಃ ಹೊರಬೀಳುತ್ತಲೇ ಇರಲಿಲ್ಲ. ಇಂಗ್ಲೆಂಡಿನಲ್ಲಿ 1870ರ ವಿದ್ಯಾಭ್ಯಾಸ ಶಾಸನವೂ 1880ರ ಕಡ್ಡಾಯ ಹಾಜರಿಯ ಶಾಸನವೂ ಬಂದು, ಸಕಲ ಮಕ್ಕಳೂ ಪುಸ್ತಕದ ಮುಂದೆ ಕುಳಿತ ಮೇಲೆ ಅದು ಎದ್ದುಕಂಡಿತು. ಕಂಡೊಡನೆ ದಡ್ಡನೆಂಬ ಬಿರುದೂ ಬೆತ್ತದ ಪೆಟ್ಟೂ ಸಿದ್ಧವಾಗಿದ್ದುವು.

ಮಾರ್ಗನ್ನನಿಗೆ ಪ್ರೇರಣೆ ದೊರೆತುದು ಗ್ಲಾಸ್ಗೋ ನಗರದ ನೇತ್ರವೈದ್ಯ ಹಿನ್ಷೆಲ್‌ವುಡ್ಡನ 1895ರ ಲೇಖನದಿಂದ. ಈತನು 1917ರಲ್ಲಿ ಜನ್ಮಸಿದ್ಧವಾದ ಪದಾಂಧತೆಯನ್ನು ಕುರಿತು ಗ್ರಂಥವೊಂದನ್ನೇ ರಚಿಸಿದನು. ಪದಗಳ ರೂಪವನ್ನು ನೆನಪಿಡುವ ಮಿದುಳಿನ ಭಾಗದಲ್ಲಿ ಕೊರತೆಯಿರುವುದೆಂದು ಆತನ ಮತ. ಪದದೊಳಗಿನ ಧ್ವನಿಗಳನ್ನು ಬಿಡಿಸಿ ಅಕ್ಷರಗಳೊಡನೆ ಹೊಂದಿಸುವುದರಲ್ಲಿ ಮುಖ್ಯ ತೊಡಕಿರುವುದೆಂದು ಈಚಿನ ಸಂಶೋಧಕರು ಸಾಧಿಸಿರುವುದರಿಂದ ಆ ಮತವು ಈಗ ನಿಲ್ಲುವುದಿಲ್ಲ. ಆದರೆ ಆತನು ಸೂಚಿಸಿದ ಚಿಕಿತ್ಸೆ ಮಾತ್ರ ಸರಿದಾರಿಯದು: ಇಂಥ ಬಾಲಕನಿಗೆ ಪ್ರತ್ಯೇಕವಾಗಿ, ಅಲ್ಪಾವಧಿಯ ಪಾಠಗಳನ್ನು ಮೇಲಿಂದಮೇಲೆ ಹೇಳಬೇಕು, ಅಕ್ಷರಗಳನ್ನು ಗಟ್ಟಿಯಾಗಿ ಉಚ್ಚರಿಸಿ ಕೂಡಿಸಿ, ಕಿವಿಯ ಸಹಾಯದಿಂದ ಪದವನ್ನು ಹಿಡಿಯಬೇಕು. ಹೀಗೆ ಓದು ಕಲಿತವರ ವೃತ್ತಾಂತಗಳನ್ನೂ ಆತನು ದಾಖಲಿಸಿರುತ್ತಾನೆ.

ಅಮೆರಿಕದಲ್ಲಿ ಆರ್ಟನ್ನನೂ ಆನಾ ಗಿಲಿಂಗ್‌ಹ್ಯಾಮ್ ಎಂಬಾಕೆಯೂ ಕಿವಿ, ಕಣ್ಣುಗಳ ಜೊತೆಗೆ ಕೈಯನ್ನೂ ಸೇರಿಸಿದರು. 1943ರಲ್ಲಿ ಗ್ರೇಸ್ ಫರ್ನಾಲ್ಡ್ ಪ್ರಕಟಿಸಿದ ಗ್ರಂಥದಲ್ಲಿ, ದೊಡ್ಡದಾಗಿ ಬರೆದ ಪದವನ್ನು ಬೆರಳಿನಿಂದ ತಿದ್ದುತ್ತ ಬಾಯಿಂದ ಹೇಳುವ ಕ್ರಮವು ನಿರೂಪಿತವಾಗಿದೆ. ಕನ್ನಡನಾಡಿನ ಕೂಲಿಮಠಗಳಲ್ಲಿ ಮಕ್ಕಳು ಮರಳ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದ ರೀತಿಯು ಇಲ್ಲಿ ನೆನಪಾಗದಿರದು. ಮದರಾಸಿನ ಎಗ್ಮೋರಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಕನಾಗಿದ್ದ ಆಂಡ್ರೂ ಬೆಲ್ಲನು ದೇಶೀಯ ಶಾಲೆಯೊಂದರಲ್ಲಿ ಇದೇ ಮರಳಿನ ಬರೆಹವನ್ನು ಕಂಡು ತನ್ನಲ್ಲಿ ಆಚರಣೆಗೆ ತಂದನು. 1797ರಲ್ಲಿ ಪುಸ್ತಕವನ್ನು ಅಚ್ಚುಮಾಡಿಸಿ ಇಂಗ್ಲೆಂಡಿಗೂ ತಿಳಿಸಿದನು. ಇದರಿಂದ ನಮ್ಮ ಪೂರ್ವಿಕರು ಪದಾಂಧತೆಯನ್ನು ಅರಿತಿದ್ದರೆಂದು ಹೇಳುವುದು ಸಾಹಸವಾದೀತು. ಮರಳ ಮೇಲಿನ ತಿದ್ದಿಕೆಯು ಎಲ್ಲ ಮಕ್ಕಳಿಗೂ ಸಾಮಾನ್ಯವಾಗಿತ್ತು. ಅದರಿಂದಲೂ ಕಲಿಯದವನಿಗೆ ಅದೇ ಮಠದಲ್ಲಿ ಕೋದಂಡದ ಶಿಕ್ಷೆಯೂ ಇತ್ತು. ಭಾರತದಲ್ಲಿ ಕೇಂದ್ರ ಶಾಸನವು ಅಂಗವಿಕಲರ ಹಕ್ಕುಗಳ ಪಟ್ಟಿಯಲ್ಲಿ ಈ ಊನಕ್ಕೆ ಸ್ಥಾನವಿತ್ತುದು 2016ರಲ್ಲಿ, ಮಾರ್ಗನ್ನನ ಲೇಖನವು ಹೊರಬಿದ್ದ 120 ವರ್ಷಗಳ ತರುವಾಯ.