ಸೈಬರ್ ಅಪರಾಧ ದೂರು

ಕಂಪ್ಯೂಟರ್, ಮೊಬೈಲ್ ಅಥವಾ ಅಂತರಜಾಲದ ಮೂಲಕ ನಡೆದ ವಂಚನೆ, ಗುರುತಿನ ಕಳವು, ಕಿರುಕುಳ ಮೊದಲಾದವನ್ನು ಪೊಲೀಸರಿಗೆ ತಿಳಿಸುವ ಕಾನೂನುಬದ್ಧ ಕ್ರಮ. ಇದಕ್ಕೆ ಮುಖ್ಯ ಆಧಾರ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000. 2008ರ ತಿದ್ದುಪಡಿಯಲ್ಲಿ ಸೇರಿದ 66ಸಿ ಕಲಮು ವಂಚನೆಯಿಂದ ಪರರ ಪಾಸ್‌ವರ್ಡ್ ಬಳಸುವುದಕ್ಕೂ, 66ಡಿ ಕಲಮು ಸೋಗು ಹಾಕಿ ವಂಚಿಸುವುದಕ್ಕೂ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸುತ್ತವೆ. ಕರ್ನಾಟಕದಲ್ಲಿ ಸೈಬರ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಮೈಸೂರು ನಗರದಲ್ಲೂ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಠಾಣೆಯಿದೆ.

ಹಣದ ವಂಚನೆಯಲ್ಲಿ ದೂರಿನ ಫಲವನ್ನು ಬಹುಮಟ್ಟಿಗೆ ನಿರ್ಧರಿಸುವುದು ವೇಗ. ಕಳುವಾದ ಹಣ ಒಂದು ಖಾತೆಯಲ್ಲಿ ನಿಲ್ಲದೆ ವಂಚಕರು ಬೇರೆಯವರಿಂದ ಬಾಡಿಗೆಗೆ ಪಡೆದ ಹಲವು ಖಾತೆಗಳಿಗೆ ಹಂಚಿಹೋಗುತ್ತದೆ. ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಬಂದ ಮಾಹಿತಿ ಆಯಾ ಬ್ಯಾಂಕುಗಳಿಗೆ ತಲುಪಿದಾಗ, ಇನ್ನೂ ಉಳಿದಿರುವ ಮೊತ್ತವನ್ನಷ್ಟೇ ತಡೆಹಿಡಿಯಬಹುದು. ಕಳ್ಳ ದೂರದ ರಾಜ್ಯದಲ್ಲಿರುವಾಗ ಸ್ಥಳೀಯ ದೂರಿನಿಂದೇನು ಎಂಬ ಆಕ್ಷೇಪ ಇಲ್ಲಿ ನಿಲ್ಲದು: ತಡೆಯಬೇಕಾದದ್ದು ಮೊದಲು ಹಣವನ್ನು, ವ್ಯಕ್ತಿಯನ್ನಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ಅಪರಾಧ ಎಲ್ಲೇ ನಡೆದಿರಲಿ, ಮೈಸೂರಿನ ಕುಂಬಾರಕೊಪ್ಪಲಿನ ನಿವಾಸಿ ಹತ್ತಿರದ ಠಾಣೆಯಲ್ಲೇ ಮಾಹಿತಿ ದಾಖಲಿಸಬಹುದು. ಒಟಿಪಿಯನ್ನು ತಾವೇ ಹೇಳಿದೆವೆಂಬ ನಾಚಿಕೆಯಿಂದ ಹಲವರು ಸುಮ್ಮನಾಗುತ್ತಾರೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಈ ಮೌನದ ಬೆಲೆಯನ್ನು ತೋರಿಸುತ್ತದೆ: ಗ್ರಾಹಕನ ಅಜಾಗ್ರತೆಯಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ಸಂದೇಶ, ವ್ಯವಹಾರ ಸಂಖ್ಯೆ, ಕರೆ ವಿವರಗಳನ್ನು ಅಳಿಸದೆ ಉಳಿಸಿಕೊಳ್ಳುವುದು ತನಿಖೆಗೆ ಅಗತ್ಯ. ಪೊಲೀಸರ ಸೋಗಿನಲ್ಲಿ ವಂಚಕರು ವಿಡಿಯೊ ಕರೆಯಲ್ಲಿ ಮಾಡುವ ‘ಡಿಜಿಟಲ್ ಅರೆಸ್ಟ್’ ಭಾರತದ ಯಾವ ಕಾನೂನಿನಲ್ಲೂ ಇಲ್ಲ.