ಮಿಲಾನ್ ನಗರದ ಅಮೆರಿಕನ್ ಆಟಗಾರರು

ಬ್ಯಾಸ್ಕೆಟ್‌ಬಾಲ್ ಆಟವನ್ನೇ ಜೀವನೋಪಾಯವಾಗಿ ನಂಬಿದ ಅಮೆರಿಕನ್ ತರುಣನು ಸಮುದ್ರವನ್ನು ದಾಟಿ ಪರರ ನಾಡಿನಲ್ಲಿ ಆಡುವುದಕ್ಕೆ ಹೋದುದೇಕೆಂಬುದನ್ನು ತಿಳಿಯಬೇಕಾದರೆ, ಅವನ ಸ್ವದೇಶದಲ್ಲಿ ಆ ವೃತ್ತಿಗಿದ್ದ ಅವಕಾಶವೆಷ್ಟೆಂಬುದನ್ನು ಮೊದಲು ಲೆಕ್ಕ ಹಾಕಬೇಕು. ಎನ್‌ಬಿಎ ಎಂದು ಪ್ರಸಿದ್ಧವಾದ ಅಲ್ಲಿನ ವೃತ್ತಿಪರ ಲೀಗಿನಲ್ಲಿ 1965ರಲ್ಲಿ ಇದ್ದ ತಂಡಗಳು 9. ಒಂದೊಂದಕ್ಕೆ 12 ಮಂದಿಯಂತೆ ಎಣಿಸಿದರೆ ಆ ವಿಶಾಲ ದೇಶಕ್ಕೆಲ್ಲ ಸೇರಿ 108 ಸ್ಥಾನಗಳು, ಅಂದರೆ ಒಂದು ಜಪಮಾಲೆಯ ಮಣಿಗಳಷ್ಟು. ವಿಶ್ವವಿದ್ಯಾನಿಲಯಗಳಿಂದಲಾದರೋ ವರ್ಷವರ್ಷವೂ ನೂರಾರು ಮಂದಿ ನುರಿತ ಆಟಗಾರರು ಹೊರಬೀಳುತ್ತಿದ್ದರು. 1967ರಲ್ಲಿ ಎಬಿಎ ಎಂಬ ಪ್ರತಿಸ್ಪರ್ಧಿ ಲೀಗು ಹುಟ್ಟಿ ಕೆಲವರಿಗೆ ಅನ್ನ ದೊರಕಿಸಿತಾದರೂ, 1976ರಲ್ಲಿ ಅದರ ನಾಲ್ಕು ತಂಡಗಳನ್ನು ಹಿರಿಯ ಲೀಗು ತನ್ನೊಳಗೆ ಸೇರಿಸಿಕೊಂಡು ಉಳಿದವು ವಿಸರ್ಜನೆಗೊಂಡಾಗ ಆ ಬಾಗಿಲೂ ಮುಚ್ಚಿತು. ಹೀಗೆ ಹೊರಗುಳಿದವರಲ್ಲಿ ಅನೇಕರು ಯೂರೋಪಿನ ಹಾದಿ ಹಿಡಿದರು. ಅಂಥವನೊಬ್ಬನ ವಿಷಯವನ್ನು ಅಮೆರಿಕದವರು ಆಡಿಕೊಳ್ಳುವಾಗ ಅವರ ದನಿಯಲ್ಲಿ ಒಂದಿಷ್ಟು ಮರಣವಾರ್ತೆಯ ಛಾಯೆ ಇರುತ್ತಿತ್ತು. ಇದು ಅನ್ಯಾಯವೆಂದು ನನ್ನ ಭಾವನೆ. ಯೂರೋಪಿನಲ್ಲಿ ಆಡುವುದು ಸೋತವರ ಆಶ್ರಯವಾಗಿರದೆ, ತನ್ನದೇ ಆದ ಕಷ್ಟಗಳೂ ತನ್ನದೇ ಆದ ಪಾಂಡಿತ್ಯವೂ ಉಳ್ಳ ಬೇರೊಂದು ಕಸುಬಾಗಿದ್ದಿತೆಂಬುದಕ್ಕೆ ಮಿಲಾನಿನ ಒಲಿಂಪಿಯ ಸಂಘದ ಇತಿಹಾಸವೊಂದೇ ಸಾಕಷ್ಟು ಪ್ರಮಾಣವನ್ನು ಒದಗಿಸುತ್ತದೆ.

ಇಟಲಿಯ ಬ್ಯಾಸ್ಕೆಟ್‌ಬಾಲಿನ ಒಂದು ವಿಚಿತ್ರವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಅಲ್ಲಿ ತಂಡಕ್ಕೆ ಊರಿನ ಹೆಸರಿಗಿಂತ ಅದನ್ನು ಸಾಕಿದ ವರ್ತಕನ ಸರಕಿನ ಹೆಸರೇ ಮುಂದು. ವರೇಸೆ ಎಂಬ ಪುಟ್ಟ ಪಟ್ಟಣದ ತಂಡವು ಇಗ್ನಿಸ್ ಎಂಬ ರೆಫ್ರಿಜರೇಟರಿನ ಹೆಸರಿನಲ್ಲಿ ಯೂರೋಪನ್ನು ಗೆದ್ದಿತು. ಕಂತೂ ಎಂಬಲ್ಲಿನ ತಂಡಕ್ಕೆ ಒಂದು ಬಿಯರಿನ ಹೆಸರಿದ್ದಿತು. ಮಿಲಾನಿನ ಒಲಿಂಪಿಯವು ಸಂಸ್ಥಾಪಕನಾದ ಅಡೋಲ್ಫೊ ಬೊಗೊಂಚೆಲ್ಲಿಯ ವ್ಯವಹಾರಚಾತುರ್ಯದಿಂದ ಬಹುಕಾಲ ಸಿಮ್ಮೆಂಟಾಲ್ ಎಂಬ ಡಬ್ಬಿಮಾಂಸದ ಹೆಸರನ್ನು ಹೊತ್ತು, ಮುಂದೆ ಬಿಲ್ಲಿ ಎಂಬ ಹಣ್ಣಿನ ರಸವಾಗಿ, ಸಿಮಾಕ್ ಆಗಿ, ಟ್ರೇಸರ್ ಆಗಿ, ಫಿಲಿಪ್ಸ್ ಆಗಿ ಅವತಾರಗಳನ್ನೆತ್ತಿತು. ಅಭಿಮಾನಿಗಳು ಮಾತ್ರ ಈ ನಾಮಾಂತರಗಳಿಗೆ ತಲೆಕೆಡಿಸಿಕೊಳ್ಳದೆ, ಬೊಗೊಂಚೆಲ್ಲಿಯು ಆಟಗಾರರಿಗೆ ತೊಡಿಸಿದ ಕೆಂಪು ಪಾದರಕ್ಷೆಗಳ ಮೇಲಿಂದ ತಮ್ಮ ತಂಡವನ್ನು ಕೆಂಪು ಬೂಟಿನವರೆಂದೇ ಕರೆಯುತ್ತಿದ್ದರು.

ಈ ಸಂಘದ ಅಂದಿನ ತರಬೇತುದಾರ ಚೆಸರೆ ರುಬಿನಿಯಾದರೂ ಸಾಮಾನ್ಯನಲ್ಲ. ತ್ರಿಯೆಸ್ತೆಯಲ್ಲಿ ಹುಟ್ಟಿದ ಆತ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವರ್ಣಪದಕವನ್ನು ಪಡೆದದ್ದು ವಾಟರ್ ಪೋಲೊ ಆಟದಲ್ಲಿ. ಆದರೂ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಕೀರ್ತಿಮಂದಿರದಲ್ಲಿ ಆತನಿಗೆ ಸ್ಥಾನ ದೊರೆತಿದೆ. ಇಂಥವನ ಕೈಕೆಳಗೆ 1965ರಲ್ಲಿ ಬಂದವನು ಬಿಲ್ ಬ್ರಾಡ್ಲಿ. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಪದವೀಧರನೂ ಟೋಕಿಯೋ ಒಲಿಂಪಿಕ್ಸಿನ ಸ್ವರ್ಣವಿಜೇತನೂ ಆದ ಈತನಿಗೆ ನ್ಯೂಯಾರ್ಕಿನ ತಂಡವು ಬಾಗಿಲನ್ನು ತೆರೆದೇ ಇಟ್ಟಿದ್ದಿತು. ಆದರೆ ಆತ ರೋಡ್ಸ್ ವಿದ್ಯಾರ್ಥಿವೇತನವನ್ನು ಸ್ವೀಕರಿಸಿ ಆಕ್ಸ್‌ಫರ್ಡಿಗೆ ಓದಲು ಹೋದನು. ಅಲ್ಲಿದ್ದುಕೊಂಡೇ ಯೂರೋಪಿಯನ್ ಕಪ್ಪಿನ ಪಂದ್ಯಗಳಿಗೆ ಮಾತ್ರ ವಿಮಾನದಲ್ಲಿ ಬಂದು ಸಿಮ್ಮೆಂಟಾಲ್ ಪರವಾಗಿ ಆಡಿ, ಆಟ ಮುಗಿದೊಡನೆ ಪುಸ್ತಕಗಳ ಬಳಿಗೆ ಮರಳುತ್ತಿದ್ದನು. 1966ರ ಏಪ್ರಿಲ್ 1ರಂದು ಬೊಲೋನ್ಯದಲ್ಲಿ ಪ್ರಾಗ್ ನಗರದ ಸ್ಲಾವಿಯ ತಂಡವನ್ನು 77–72ರಿಂದ ಸೋಲಿಸಿ ಮಿಲಾನ್ ಮೊದಲ ಸಲ ಆ ಕಪ್ಪನ್ನು ಗೆದ್ದುಕೊಂಡಿತು. ಬ್ರಾಡ್ಲಿ ಮುಂದೆ ನ್ಯೂಯಾರ್ಕಿನಲ್ಲಿ ಎರಡು ಸಲ ಚಾಂಪಿಯನ್ ಪಟ್ಟವನ್ನು ಕಂಡು, ಅಮೆರಿಕದ ಸೆನೆಟಿನಲ್ಲಿ ಹದಿನೆಂಟು ವರ್ಷ ಕುಳಿತು, 2000ದಲ್ಲಿ ಅಧ್ಯಕ್ಷಪದವಿಯ ಅಭ್ಯರ್ಥಿತನಕ್ಕೂ ಸ್ಪರ್ಧಿಸಿದನು. ಆತನ ಮಿಲಾನ್ ಪ್ರಸಂಗವು ಗೌರವಸ್ಥ ಅತಿಥಿಯದು. ಅದರಿಂದ ಈ ಕಸುಬಿನ ಕಾಠಿಣ್ಯ ತಿಳಿಯುವಂತಿಲ್ಲ.

ಕಾಠಿಣ್ಯವೆಲ್ಲ ಇದ್ದುದು ಒಂದು ನಿಯಮದಲ್ಲಿ. ಇಟಲಿಯ ಲೀಗಿನಲ್ಲಿ 1960ರ ದಶಕದ ನಡುವಿನಿಂದ ತಂಡವೊಂದಕ್ಕೆ ಒಬ್ಬನೇ ವಿದೇಶೀಯನಿರಬಹುದಾಗಿತ್ತು. ಮುಂದಿನ ದಶಕದ ಉತ್ತರಾರ್ಧದಲ್ಲಿ ಅದು ಇಬ್ಬರಿಗೆ ಏರಿತು. ಸ್ಥಾನವು ಹೀಗೆ ವಿರಳವಾದುದರಿಂದ ಅದರಲ್ಲಿ ಕುಳಿತವನ ಮೇಲೆ ಇಡೀ ಪಟ್ಟಣದ ನಿರೀಕ್ಷೆಯೂ ಬೀಳುತ್ತಿತ್ತು. ಅಂಕಗಳನ್ನು ಗಳಿಸತಕ್ಕವನು ಅವನೇ, ಎದುರಾಳಿಯ ವಿದೇಶೀಯನನ್ನು ತಡೆಯತಕ್ಕವನೂ ಅವನೇ. ತಂಡ ಸತತವಾಗಿ ಸೋತರೆ ಊರಿನವರಾದ ಎಂಟು ಹತ್ತು ಮಂದಿಯನ್ನು ಕಳುಹಿಸಲಾಗದಾದ್ದರಿಂದ ಗಂಟುಮೂಟೆ ಕಟ್ಟಬೇಕಾದವನೂ ಅವನೇ. ಲ್ಯಾಂಕಾಷೈರ್ ಲೀಗಿನ ಕ್ರಿಕೆಟ್ಟನ್ನು ಬಲ್ಲ ನಮ್ಮ ಹಿರಿಯರಿಗೆ ಇದು ಹೊಸದಾಗಿ ತೋರಲಾರದು. 1952ರಲ್ಲಿ ವಿನೂ ಮಂಕಡ್ ಹ್ಯಾಸ್ಲಿಂಗ್ಡನ್ ಎಂಬ ಗಿರಣಿ ಊರಿನ ಸಂಬಳದ ಆಟಗಾರನಾಗಿದ್ದು, ಆ ಸಂಘ ಬಿಟ್ಟುಕೊಟ್ಟ ಮೇಲೆಯೇ ಲಾರ್ಡ್ಸ್ ಟೆಸ್ಟಿಗೆ ಬಂದು 72 ಮತ್ತು 184 ಓಟಗಳನ್ನು ಹೊಡೆದನಷ್ಟೆ.

ಈ ನಿಯಮದ ಬಿಗಿಯಲ್ಲಿ ಬಾಳಿ ಬೆಳೆದವರಲ್ಲಿ ಮೈಕ್ ಡ್ಯಾಂಟೋನಿಯದು ನನಗೆ ಅತ್ಯಂತ ಪ್ರಿಯವಾದ ಉದಾಹರಣೆ. ಪಶ್ಚಿಮ ವರ್ಜೀನಿಯದ ಕಲ್ಲಿದ್ದಲು ಸೀಮೆಯಲ್ಲಿರುವ ಮುಲ್ಲೆನ್ಸ್ ಎಂಬ ಸಣ್ಣ ಊರು ಆತನದು; ಆತನ ಅಜ್ಜ ಇಟಲಿಯ ಉಂಬ್ರಿಯ ಪ್ರಾಂತದಿಂದ ವಲಸೆ ಬಂದವನು. ಎನ್‌ಬಿಎಯಲ್ಲಿ ಕೆಲವು ವರ್ಷ ಬೆಂಚಿನ ಮೇಲೆ ಕುಳಿತು, ಎಬಿಎಯ ಸೇಂಟ್ ಲೂಯಿ ತಂಡವನ್ನು ಸೇರಿ, 1976ರ ವಿಸರ್ಜನೆಯಲ್ಲಿ ಆ ತಂಡವೇ ಇಲ್ಲವಾಗಲು ಮತ್ತೆ ಎನ್‌ಬಿಎಗೆ ಮರಳಿ ಸ್ಯಾನ್ ಆಂಟೋನಿಯೋ ಪರವಾಗಿ ಎರಡೇ ಪಂದ್ಯಗಳನ್ನಾಡಿ ಹೊರಬಿದ್ದನು. ಅಮೆರಿಕದ ದೃಷ್ಟಿಯಲ್ಲಿ ಕಥೆ ಮುಗಿದಿತ್ತು. 1977ರಲ್ಲಿ ಮಿಲಾನಿಗೆ ಬಂದ ಆತ ಅಲ್ಲಿ ಹದಿಮೂರು ವರ್ಷ ಆಡಿ, ಐದು ಸಲ ಇಟಲಿಯ ಚಾಂಪಿಯನ್ ತಂಡದಲ್ಲಿದ್ದು, ಎದುರಾಳಿಯ ಕೈಯಿಂದ ಚೆಂಡನ್ನು ಲಪಟಾಯಿಸುವ ಚಾತುರ್ಯಕ್ಕಾಗಿ ಕಾದಂಬರಿಯ ಕಳ್ಳ ಆರ್ಸೆನ್ ಲುಪಿನನ ಹೆಸರನ್ನೇ ಬಿರುದಾಗಿ ಪಡೆದನು. ಅಜ್ಜ ಬಿಟ್ಟುಹೋದ ನಾಡಿನ ಪೌರತ್ವವು ಮೊಮ್ಮಗನಿಗೆ ದೊರೆತು, 1989ರ ಯೂರೋಪಿಯನ್ ಚಾಂಪಿಯನ್‌ಷಿಪ್ಪಿನಲ್ಲಿ ಆತ ಇಟಲಿಯ ಪರವಾಗಿಯೇ ಆಡಿದನು.

ಆತನ ತರಬೇತುದಾರ ಡ್ಯಾನ್ ಪೀಟರ್ಸನ್ ಕೂಡ ಅಮೆರಿಕನ್ನನೇ. ಇಲಿನಾಯ್ ರಾಜ್ಯದವನಾಗಿ, ಚಿಲಿ ದೇಶದ ತಂಡವನ್ನು ತಿದ್ದಿ, 1973ರಲ್ಲಿ ಬೊಲೋನ್ಯಕ್ಕೂ 1978ರಲ್ಲಿ ಮಿಲಾನಿಗೂ ಬಂದ ಈ ಕುಳ್ಳ ಮನುಷ್ಯ, ಟೆಲಿವಿಷನ್ನಿನಲ್ಲಿ ತಣ್ಣನೆಯ ಚಹದ ಜಾಹೀರಾತಿಗೆ ನಿಂತು ತನ್ನ ಅಮೆರಿಕನ್ ಉಚ್ಚಾರದ ಇಟಾಲಿಯನ್ನಿನಿಂದಲೇ ಮನೆಮಾತಾದನು. ಐದು ಮಂದಿಯಲ್ಲಿ ಒಬ್ಬನನ್ನು ಮುಂದೆಯೂ ಮೂವರನ್ನು ಅಡ್ಡಸಾಲಿನಲ್ಲಿಯೂ ಒಬ್ಬನನ್ನು ಬ್ಯಾಸ್ಕೆಟ್ಟಿನ ಕೆಳಗೂ ನಿಲ್ಲಿಸಿ, ಚೆಂಡಿನ ದಾರಿಯನ್ನೆಲ್ಲ ಚಾಚಿದ ತೋಳುಗಳಿಂದ ಅಡಗಟ್ಟುವ ರಕ್ಷಣಾವ್ಯೂಹವು ಆತನ ತಂಡದ ಹೆಗ್ಗುರುತಾಗಿದ್ದಿತು. 1985ರ ಜನವರಿಯಲ್ಲಿ ಬಿದ್ದ ಹಿಮದ ಭಾರಕ್ಕೆ ಸಾನ್ ಸಿರೋ ಬಡಾವಣೆಯ ಕ್ರೀಡಾಮಂದಿರದ ಮಾಡು ಕುಸಿದು ತಂಡವು ಮನೆ ಕಳೆದುಕೊಂಡಿತು; ಆ ವರ್ಷವೂ ಮಾರನೆಯ ವರ್ಷವೂ ಇಟಲಿಯ ಪಟ್ಟ ಮಾತ್ರ ಮಿಲಾನಿಗೇ ಬಂದಿತು.

1986ರಲ್ಲಿ ಅಲ್ಲಿಗೆ ಬಂದ ಬಾಬ್ ಮೆಕಡೂ ಮೇಲೆ ಹೇಳಿದ ಯಾವ ವರ್ಗಕ್ಕೂ ಸೇರತಕ್ಕವನಲ್ಲ. 1974ರಿಂದ ಮೂರು ವರ್ಷ ಎಡೆಬಿಡದೆ ಎನ್‌ಬಿಎಯ ಅತ್ಯಧಿಕ ಅಂಕಗಳನ್ನು ಗಳಿಸಿದವನು, 1975ರಲ್ಲಿ ಅಲ್ಲಿನ ಸರ್ವೋತ್ತಮ ಆಟಗಾರನೆನಿಸಿಕೊಂಡವನು, ಲಾಸ್ ಏಂಜಲೀಸಿನ ಲೇಕರ್ಸ್ ತಂಡದೊಡನೆ ಎರಡು ಸಲ ಪಟ್ಟವನ್ನು ಗೆದ್ದವನು, 35ನೆಯ ವಯಸ್ಸಿನಲ್ಲಿ ಇಟಲಿಗೆ ಬರುವುದೆಂದರೆ ವಿಶ್ರಾಂತಿಗೆಂದೇ ಯಾರೂ ಊಹಿಸಬಹುದು. ಬಂದ ಕೆಲವೇ ವಾರಗಳಲ್ಲಿ ಆತನ ತಂಡವು ಯೂರೋಪಿಯನ್ ಕಪ್ಪಿನ ಒಂದು ಘಟ್ಟದಲ್ಲಿ ಗ್ರೀಸಿನ ಥೆಸ್ಸಲೊನೀಕಿಗೆ ಹೋಗಿ ಅರಿಸ್ ತಂಡದೆದುರು 98–67ರ ಅಂತರದಲ್ಲಿ ಮಣ್ಣುಮುಕ್ಕಿತು. ಅಂದು ಒಬ್ಬನೇ 44 ಅಂಕಗಳನ್ನು ಹೊಡೆದ ನಿಕೋಸ್ ಗಾಲಿಸನೂ ನ್ಯೂಜೆರ್ಸಿಯಲ್ಲಿ ಹುಟ್ಟಿದ ಗ್ರೀಕ್ ವಲಸಿಗರ ಮಗ. ಬಾಸ್ಟನ್ ತಂಡ ಹೊಸ ಆಟಗಾರರ ಆಯ್ಕೆಯಲ್ಲಿ ಹೆಸರಿಸಿದರೂ ಅಲ್ಲಿ ನೆಲೆ ಸಿಕ್ಕದೆ 1979ರಲ್ಲಿ ತಂದೆತಾಯಿಗಳ ನಾಡಿಗೆ ಬಂದಿದ್ದವನು.

ಆ ಘಟ್ಟದಲ್ಲಿ ಎರಡು ಊರುಗಳ ಎರಡು ಪಂದ್ಯಗಳ ಅಂಕಗಳನ್ನು ಕೂಡಿಸಿ ಜಯಾಪಜಯವನ್ನು ನಿರ್ಣಯಿಸುವ ಪದ್ಧತಿ ಇದ್ದುದರಿಂದ, ನವೆಂಬರಿನಲ್ಲಿ ಮಿಲಾನಿನಲ್ಲಿ ನಡೆದ ಮರುಪಂದ್ಯದಲ್ಲಿ ಆತಿಥೇಯರು 32 ಅಂಕಗಳಿಂದ ಗೆಲ್ಲಬೇಕಾಗಿತ್ತು. ಚೆಂಡನ್ನು 30 ಸೆಕೆಂಡು ಕೈಯಲ್ಲಿಟ್ಟುಕೊಳ್ಳಲು ಅವಕಾಶವಿದ್ದ ಅಂದಿನ ನಿಯಮದಲ್ಲಿ, ಮುಂದಿರುವ ತಂಡಕ್ಕೆ ಕಾಲಹರಣವೇ ಒಂದು ಆಯುಧ. ಅದರಿಂದ ಮಿಲಾನಿನವರು ಹೊಡೆಯುವುದಷ್ಟೇ ಅಲ್ಲದೆ, ಎದುರಾಳಿಗೆ ನೆಮ್ಮದಿಯಿಂದ ಚೆಂಡನ್ನು ಹಿಡಿದು ನಿಲ್ಲಲೂ ಎಡೆಗೊಡದಿರಬೇಕಾಗಿತ್ತು. ನಲವತ್ತು ನಿಮಿಷಗಳು ಕಳೆದಾಗ ಫಲಕದ ಮೇಲಿದ್ದುದು 83–49. ಮೊದಲ ಪಂದ್ಯದಲ್ಲಿ 98 ಗಳಿಸಿದ್ದ ಅರಿಸ್ ಈಗ ಸರಿಯಾಗಿ ಅದರ ಅರ್ಧವನ್ನು ಗಳಿಸಿತ್ತು. ಎರಡನ್ನೂ ಕೂಡಿಸಿದರೆ 150ಕ್ಕೆ 147: ಮೂರು ಅಂಕಗಳ ಅಂತರದಿಂದ ಮಿಲಾನ್ ಮುಂದಿನ ಘಟ್ಟಕ್ಕೆ ಹೋಯಿತು. ಅಮೆರಿಕದಲ್ಲಿ ಒಂದು ಋತುವಿಗೆ 82 ಪಂದ್ಯಗಳು. ಇಂದು ಸೋತರೆ ನಾಳೆ ಇನ್ನೊಂದಿದೆ. ಒಂದು ಸಂಜೆಯ ಸೋಲಿನಿಂದ ಇಡೀ ವರ್ಷದ ಆಸೆ ಮಣ್ಣುಗೂಡುವ ಇಂಥ ಆಟವನ್ನು ಮೆಕಡೂ ಆ ವಯಸ್ಸಿನಲ್ಲಿ ಹೊಸದಾಗಿ ಕಲಿಯಬೇಕಾಯಿತು, ಕಲಿತನು ಎಂಬುದೇ ನನಗೆ ಆತನ ಮೂರು ವರ್ಷಗಳ ಅಂಕಕಿರೀಟಕ್ಕಿಂತ ಹೆಚ್ಚಿನದಾಗಿ ಕಾಣುತ್ತದೆ.

1987ರ ಏಪ್ರಿಲಿನಲ್ಲಿ ಲೊಸಾನಿನಲ್ಲಿ ಟೆಲ್ ಅವೀವಿನ ಮಕ್ಕಬಿ ತಂಡವನ್ನು 71–69ರಿಂದ ಸೋಲಿಸಿ ಮಿಲಾನ್ ಯೂರೋಪಿನ ಕಪ್ಪನ್ನು ಮತ್ತೆ ತಂದಿತು. ಅಂದಿನ ತಂಡದ ಆಧಾರಸ್ತಂಭಗಳಾದ ಇಟಲಿಯ ಆಟಗಾರ ಮೆನೆಗಿನ್, ಡ್ಯಾಂಟೋನಿ, ಮೆಕಡೂ ಮೂವರ ವಯಸ್ಸನ್ನು ಕೂಡಿದರೆ ನೂರನ್ನು ಮೀರುತ್ತಿತ್ತು. ಮರುವರ್ಷ ಘೆಂಟಿನಲ್ಲಿ ಅದೇ ಮಕ್ಕಬಿಯೊಡನೆ ಅಂತಿಮ ಪಂದ್ಯ, ಅದೇ ಫಲಿತಾಂಶ, ಈ ಸಲ 90–84. ಈ ಎರಡು ಸಂಜೆಗಳ ನಡುವೆ ಒಬ್ಬ ಮಾತ್ರ ಪಕ್ಷ ಬದಲಾಯಿಸಿದ್ದನು: 1987ರಲ್ಲಿ ಮಿಲಾನಿನ ಎರಡನೆಯ ಅಮೆರಿಕನ್ನನಾಗಿ ಕಪ್ಪನ್ನೆತ್ತಿದ್ದ ಕೆನ್ ಬಾರ್ಲೋ 1988ರಲ್ಲಿ ಮಕ್ಕಬಿಯ ಅಂಗಿ ತೊಟ್ಟು ಸೋತನು. ಒಂದೊಂದು ವರ್ಷದ ಕರಾರಿನ ಮೇಲೆ ಬಾಳುವ ಈ ಕಸುಬಿನಲ್ಲಿ ಅದನ್ನಾರೂ ದ್ರೋಹವೆನ್ನುತ್ತಿರಲಿಲ್ಲ. ಮೆಕಡೂವೇ ಮಿಲಾನನ್ನು ಬಿಟ್ಟ ಮೇಲೆ ಫೊರ್ಲೀ, ಫಬ್ರಿಯಾನೊಗಳಂಥ ಚಿಕ್ಕ ಊರುಗಳಲ್ಲಿ ನಲವತ್ತು ದಾಟುವವರೆಗೂ ಆಡಿದನು.

ರೋಮ್ ನಗರದ ತಂಡವನ್ನು ಇಲ್ ಮೆಸ್ಸಜೆರೊ ಎಂಬ ದಿನಪತ್ರಿಕೆಯ ಹೆಸರಿನಲ್ಲಿ ನಡೆಸುತ್ತಿದ್ದ ಧನಿಕರು 1989ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಮೆರಿಕನ್ ಲೀಗು ಆ ವರ್ಷ ಹೊಸ ಆಟಗಾರರ ಆಯ್ಕೆಯಲ್ಲಿ ಎರಡನೆಯವನಾಗಿ ಆರಿಸಿದ್ದ ಡ್ಯಾನಿ ಫೆರಿಯನ್ನೂ, ಬಾಸ್ಟನ್ ತಂಡದಲ್ಲಿ ಒಂದು ಋತು ಆಡಿದ್ದ ಬ್ರಯನ್ ಶಾನನ್ನೂ ಹಣದ ಬಲದಿಂದ ಸೆಳೆದುಕೊಂಡರು. ಇದು ಬೇಡದವರನ್ನು ಕರೆದ ಮಾತಲ್ಲ, ಬೇಕಾದವರನ್ನೇ ಕಿತ್ತುಕೊಂಡದ್ದು. ಮರುವರ್ಷ ಶಾ ಬಾಸ್ಟನ್ನಿಗೆ ಮರಳುವುದಾಗಿ ಕರಾರು ಬರೆದುಕೊಟ್ಟು, ಬಳಿಕ ಮನಸ್ಸು ಬದಲಿಸಿ ರೋಮಿನಲ್ಲಿಯೇ ಉಳಿಯುವೆನೆನ್ನಲು, ವ್ಯಾಜ್ಯವು ಮಧ್ಯಸ್ಥನಿಂದ ನ್ಯಾಯಾಲಯಕ್ಕೂ ಅಲ್ಲಿಂದ ಮೇಲ್ಮನವಿಗೂ ಏರಿ, ಕಡೆಗೆ ತೀರ್ಪು ಬಾಸ್ಟನ್ನಿನ ಪರವಾಯಿತು. ಅದನ್ನು ಬರೆದ ನ್ಯಾಯಾಧೀಶ ಸ್ಟೀಫನ್ ಬ್ರೈಯರ್ ನಾಲ್ಕು ವರ್ಷಗಳ ಮೇಲೆ ಅಮೆರಿಕದ ಸುಪ್ರೀಂ ಕೋರ್ಟಿಗೆ ಏರಿದನು. 1995ರ ಬೋಸ್ಮನ್ ತೀರ್ಪಿನಿಂದ ಯೂರೋಪಿನೊಳಗಿನ ಗಡಿಗಳು ಕ್ರೀಡಾಪಟುಗಳಿಗೆ ತೆರೆದುಕೊಂಡ ಮೇಲೆ, ಊರಿಗಿಬ್ಬರೇ ಪರಕೀಯರೆಂಬ ಹಳೆಯ ವ್ಯವಸ್ಥೆಯ ಬಿಗಿ ಕಳಚುತ್ತ ಬಂದಿತು.

ಡ್ಯಾಂಟೋನಿ ಆಟ ನಿಲ್ಲಿಸಿದ ವರ್ಷವೇ ಮಿಲಾನಿನ ತರಬೇತುದಾರನಾಗಿ, ಮುಂದೆ ತ್ರೆವೀಸೊದಲ್ಲಿ ಬೆನೆಟನ್ ಎಂಬ ಬಟ್ಟೆ ವ್ಯಾಪಾರದ ಹೆಸರಿನ ತಂಡಕ್ಕೆ ಎರಡು ಪಟ್ಟಗಳನ್ನು ಗೆದ್ದುಕೊಟ್ಟು ಅಮೆರಿಕಕ್ಕೆ ಮರಳಿದನು. ಒಂದು ಕಾಲದಲ್ಲಿ ಎರಡು ಪಂದ್ಯಗಳ ಬಳಿಕ ಆತನನ್ನು ಹೊರಗಟ್ಟಿದ್ದ ಲೀಗಿನಲ್ಲಿಯೇ, ಫೀನಿಕ್ಸ್ ತಂಡವನ್ನು ಶರವೇಗದಲ್ಲಿ ಓಡಿಸಿ 2005ರಲ್ಲಿ ವರ್ಷದ ತರಬೇತುದಾರನೆನಿಸಿಕೊಂಡನು. 2008ರಲ್ಲಿ ನ್ಯೂಯಾರ್ಕಿನ ನಿಕ್ಸ್ ತಂಡದ ಹೊಣೆ ಹೊತ್ತ ಕೆಲವೇ ವಾರಗಳಲ್ಲಿ ಆ ತಂಡವು ಹೊಸ ಆಟಗಾರರ ಆಯ್ಕೆಯಲ್ಲಿ ದಾನಿಲೊ ಗಲ್ಲಿನಾರಿ ಎಂಬ ಮಿಲಾನ್ ತಂಡದ ಹುಡುಗನನ್ನು ಹೆಸರಿಸಿತು. ಹುಡುಗನ ತಂದೆ ವಿತ್ತೋರಿಯೊ 1987ರ ತಂಡದಲ್ಲಿ ಡ್ಯಾಂಟೋನಿಯ ಜೊತೆಗಾರನಾಗಿದ್ದವನು. ಸಭಾಂಗಣದಲ್ಲಿ ನೆರೆದಿದ್ದ ನ್ಯೂಯಾರ್ಕಿನ ಅಭಿಮಾನಿಗಳು ಆ ಇಟಾಲಿಯನ್ ಹೆಸರನ್ನು ಕೇಳುತ್ತಲೇ ಕೂಗಾಡಿ ಧಿಕ್ಕರಿಸಿದರು.